ಮೂರನೆಯ ಸಿಲಿಂಡರ್

ನಾನೂರು ಪೌಂಡಿಗೆ ಕೊಂಡ ಡೀಸೆಲ್ ಕಾರು.
ಹಿಂದಿನ ಸೀಟು ಕಿತ್ತೆವು, ಕಾರ್ಪೆಟ್ಟು ಕಿತ್ತೆವು,
ಹೀಟರನ್ನೂ ಕಿತ್ತೆವು, ಫೆಬ್ರವರಿಯಲ್ಲಿ ಅದಕ್ಕೆ ಅತ್ತೆವು.
ನೆಲಕ್ಕಂಟಿದ ಡಾಂಬರನ್ನು ಡೆಲಿತ್
ತನ್ನ ಬೇಕರಿಯ ಚೂರಿಯಲ್ಲೇ ಕೆರೆದು ಕೆರೆದು
ತಕ್ಕಡಿಗಿಟ್ಟಳು. ಒಂಬತ್ತು ಕಿಲೋ.
"ಹನ್ನೆರಡು ಡಜನ್ ಬನ್ನು" ಅಂದಳು,
ಬೇರೆ ಅಳತೆಯೇ ಜಗತ್ತಿನಲ್ಲಿಲ್ಲದ ಹಾಗೆ.

ಸೀಟಿನಡಿ ಸಿಕ್ಕಿದ್ದು ಮೂರು ಪೆಪ್ಪರ್‌ಮಿಂಟು,
ಒಂದು ಪಾರ್ಕಿಂಗ್ ಚೀಟಿ,
ಎರಡು ಕಾಲಿನ ಒಂದು ಉಕ್ಕಿನ ಕಡ್ಡಿ.
ಗೆಥಿನ್ ಅದರಲ್ಲಿ ಹಳದಿ ಬಣ್ಣ ಕಲಕಿ
ಬಾಗಿಲ ಮೇಲೆ ಐವತ್ತೇಳು ಅಂತ ಬರೆದ.
ಏಳು ವಾಲಿತು.
ಇರಲಿ, ವೇಗಕ್ಕೆ ವಾಲಿದೆ ಅಂದ
ಶಾಲೆಯ ಬಸ್ಸನ್ನು ಗಂಟೆಗೆ ಇಪ್ಪತ್ತು ಮೈಲಿ ಓಡಿಸುವವನು.

ನನಗೆ ಗೇರು ಹಾಕಲೂ ಕೊಡಲಿಲ್ಲ.
ಬಾಯಿಪಾಠ ಮಗ್ಗಿ ಬರುತ್ತದೆಂದು
ಎಣ್ಣೆಯ ಲೆಕ್ಕ ಕೊಟ್ಟರು.
ಏಳು ಸುತ್ತಿಗೆ ಮೂರು ಲೀಟರು:
ಪೆಂಬ್ರಿಯ ಗೋಡೆಗೊರಗಿ, ಹಲ್ಲಲ್ಲಿ ಸಮುದ್ರದ ಮರಳು ಕಡಿಯುತ್ತ,
ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು.
ಪಕ್ಕದ ತಂಡದ ಹುಡುಗ ನನ್ನನ್ನೇ ನೋಡಿದ,
ಮಂತ್ರ ಹಾಕುತ್ತಿದ್ದಾಳೆಂದು.

ಹಾಕಿದ್ದರೂ ತಪ್ಪೇನಿರಲಿಲ್ಲ.
ನೇರ ದಾರಿಯಲ್ಲಿ ಎಲ್ಲರೂ ನಮ್ಮನ್ನು ದಾಟಿದರು.
ಟ್ರ್ಯಾಕ್ಟರ್ ಬಂತು, ದಾರಿ ಬಿಡಿ, ಅಂದರು.
ಆದರೆ ಆರು ಗಂಟೆಯ ಓಟ.
ಪೆಟ್ರೋಲಿನವರು ನಾಲ್ಕು ಸಲ ನಿಲ್ಲಬೇಕು,
ನಾವು ಎರಡು.
ಅವರು ಕುಡಿಯುವಾಗ ನಾವು ನಡೆಯುತ್ತೇವೆ,
ಇಷ್ಟೇ ನಮ್ಮ ಉಪಾಯ, ಇದಕ್ಕೆ ಹತ್ತು ತಿಂಗಳು.

ಮೂರನೆಯ ಗಂಟೆಗೆ ಹದಿನಾಲ್ಕನೆಯವರು.
ನಾಲ್ಕನೆಯ ಗಂಟೆಗೆ ಕಾರು ಕೆಮ್ಮಿತು.
ಡಿಲನ್ ಒಳಗೆ ತಂದ, ಹಿಂದೆ ಕಪ್ಪು ಹೊಗೆ.
ಟರ್ಬೋ ಅಂದ ಒಬ್ಬ, ಪೈಪು ಅಂದಳು ಒಬ್ಬಳು,
ಮೊದಲೇ ಹೇಳಿದ್ದೆ ಅಂದರು ಇಬ್ಬರೂ.

ತಂತಿ ಬೇಲಿಯಾಚೆ ಒಬ್ಬ ಮುದುಕ,
ಮಳೆಕೋಟು, ಕೈಯಲ್ಲಿ ಚಹದ ಕಾಗದದ ಲೋಟ.
"ಅದು ನನ್ನ ಕಾರು" ಅಂದ.
ಎಮ್ರಿಸ್, ಪಿಯಾನೋ ಶ್ರುತಿ ಮಾಡುವವನು,
ಹನ್ನೆರಡು ವರ್ಷ ಕಣಿವೆಯಿಂದ ಕಣಿವೆಗೆ
ಚ್ಯಾಪೆಲುಗಳ ಪಿಯಾನೋಗಳಿಗಾಗಿ ಓಡಿಸಿದವನು.
ಕಣ್ಣು ಮುಚ್ಚಿ ಕೇಳಿದ.
"ಉಸಿರು ಸರಿಯಿದೆ. ನಾಲ್ಕು ಪೆಟ್ಟಿನಲ್ಲಿ ಒಂದು ನಿದ್ದೆ ಹೋಗಿದೆ."
ಅವನಂದದ್ದು ಇಂಗ್ಲಿಷಿನಲ್ಲಿ;
ನನ್ನ ಕಿವಿಗೆ ಬಿದ್ದದ್ದು, ತಾಳ ತಪ್ಪಿದೆ.

ಗೆಥಿನ್ ನಂಬಲಿಲ್ಲ, ಆದರೂ ಬಗ್ಗಿದ.
ಮೊದಲನೆಯ ಪೈಪಿನ ನಟ್ಟು ಸಡಿಲಿಸಿದ, ಎಂಜಿನ್ ಎಡವಿತು.
ಎರಡನೆಯದು, ಎಡವಿತು.
ಮೂರನೆಯದು ಸಡಿಲಿಸಿದ,
ಏನೂ ಆಗಲಿಲ್ಲ.
ಏನೂ ಆಗದಿದ್ದದ್ದು ಅಷ್ಟು ಜೋರಾಗಿ
ನಾನು ಎಂದೂ ಕೇಳಿರಲಿಲ್ಲ.

ಗುಜರಿಯಿಂದ ತಂದ ಇಂಜೆಕ್ಟರ್ ಒಂದಿತ್ತು, ಡೆಲಿತಳ ಬ್ರೆಡ್ಡಿನ ಡಬ್ಬಿಯಲ್ಲಿ.
ಇಪ್ಪತ್ತೆರಡು ನಿಮಿಷ.
ಡಿಲನ್ನನ ಮೊಣಕೈ ಸುಟ್ಟಿತು,
ನನ್ನ ಮಗ್ಗಿ ಮರೆತುಹೋಯಿತು,
ಹದಿನಾಲ್ಕು ಹೋಗಿ ಇಪ್ಪತ್ತಾರಾಯಿತು.

ಇಪ್ಪತ್ತಾರಕ್ಕೇ ಮುಗಿಸಿದೆವು. ಮೂವತ್ತೊಂದು ಕಾರು,
ಐದು ದಾರಿಯಲ್ಲೇ ಮಲಗಿದ್ದವು; ಲೆಕ್ಕ ನೀವೇ ಮಾಡಿಕೊಳ್ಳಿ.

ಸಂಜೆ ಎಮ್ರಿಸ್ ಬೇಲಿ ಸುತ್ತಿ ಒಳಗೆ ಬಂದ.
"ಇದರೊಳಗೆ ನನ್ನದೊಂದು ಶ್ರುತಿಕವೆ ಕಳೆದಿತ್ತು."
ಗೆಥಿನ್ನನ ಕುತ್ತಿಗೆ ಕೆಂಪಾಯಿತು.
ಹಳದಿ ಬಣ್ಣ ಒಣಗಿ ಗಟ್ಟಿಯಾದ ಆ ಕಡ್ಡಿಯನ್ನು
ಮುದುಕ ಉಗುರಿನಿಂದ ಸ್ವಲ್ಪ ಕೆರೆದ,
ಮೊಣಕಾಲಿಗೆ ಬಡಿದ,
ಬಿಸಿಯಾರದ ಕಾರಿನ ಮಾಡಿಗೆ ಅದರ ಬುಡ ಒತ್ತಿದ.

ಸೀಟಿಲ್ಲ, ಕಾರ್ಪೆಟ್ಟಿಲ್ಲ, ಡಾಂಬರಿಲ್ಲ,
ನಾವೇ ಖಾಲಿ ಮಾಡಿದ ತಗಡಿನ ಹೊಟ್ಟೆ
ತಂಬೂರಿಯ ಬುರುಡೆಯ ಹಾಗೆ ಗುಂಯ್ ಅಂದಿತು.

"ಬಣ್ಣದ ಭಾರಕ್ಕೆ ತುಸು ಇಳಿದಿದೆ" ಅಂದ.
ಡೆಲಿತ್ ಎಷ್ಟು ಗ್ರಾಂ ಎಂದು ಕೇಳಿದಳು.